ಆರೋಗ್ಯದ ಹೋಲಿಕೆ: ಅಳತೆಗೋಲು ಯಾವುದು?

ಎರಡು ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ಅಕ್ಕಪಕ್ಕ ನಿಲ್ಲಿಸಿ ಯಾವುದು ಮೇಲೆಂದು ತೀರ್ಪು ನೀಡುವುದು ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ವಾಡಿಕೆಯಾಗಿದೆ. ವಿಮೆಯನ್ನು ವಿಸ್ತರಿಸಬೇಕೆನ್ನುವವರು ಒಂದು ದೇಶವನ್ನು, ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸಬೇಕೆನ್ನುವವರು ಇನ್ನೊಂದು ದೇಶವನ್ನು ಸಾಕ್ಷಿಗೆ ಕರೆಯುತ್ತಾರೆ. ಉಭಯ ಪಕ್ಷಗಳಿಗೂ ಅಂಕಿ-ಅಂಶಗಳು ಧಾರಾಳವಾಗಿ ಸಿಗುತ್ತವೆ. ತೊಡಕಿರುವುದು ಅಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆಯು 2000ದಲ್ಲಿ 191 ಸದಸ್ಯ ರಾಷ್ಟ್ರಗಳ ಆರೋಗ್ಯ ವ್ಯವಸ್ಥೆಗಳಿಗೆ ಸ್ಥಾನ ನೀಡಿತು. ಫ್ರಾನ್ಸ್ ಮೊದಲನೆಯದು, ಇಟಲಿ ಎರಡನೆಯದು. ಅಮೆರಿಕಕ್ಕೆ 37ನೇ ಸ್ಥಾನ, ಶ್ರೀಲಂಕಾಕ್ಕೆ 76, ಭಾರತಕ್ಕೆ 112. ಆದರೆ ಜನರ ನಿರೀಕ್ಷೆಗಳಿಗೆ ಸ್ಪಂದಿಸುವ ಗುಣವೊಂದನ್ನೇ ಅಳೆದಾಗ ಇದೇ ವರದಿಯಲ್ಲಿ ಅಮೆರಿಕ ಪ್ರಥಮ! ಯಾವ ಅಂಶಕ್ಕೆ ಎಷ್ಟು ತೂಕ ಎಂಬುದನ್ನು ತುಸು ಬದಲಿಸಿದರೂ ಪಟ್ಟಿ ಬದಲಾಗುತ್ತದೆ. ವರದಿಯ ಸಂಪಾದಕರಾಗಿದ್ದ ಫಿಲಿಪ್ ಮಸ್‌ಗ್ರೋವ್ ಅವರೇ ಮುಂದೆ, ಬಳಸಿದ ಸಂಖ್ಯೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರತ್ಯಕ್ಷ ಮಾಹಿತಿಯಲ್ಲ, ಅಂದಾಜುಗಳು ಎಂದು ಬರೆದರು. ಸಂಸ್ಥೆಯು ಅಂಥ ಪಟ್ಟಿಯನ್ನು ಮತ್ತೆ ಪ್ರಕಟಿಸಲಿಲ್ಲ. ಆದರೂ 2009ರಲ್ಲಿ ಒಬಾಮ ಅವರ ಆರೋಗ್ಯ ಮಸೂದೆಯ ಚರ್ಚೆಯಲ್ಲಿ ಆ 37 ಎಂಬ ಸಂಖ್ಯೆ ಮತ್ತೆ ಮತ್ತೆ ಕೇಳಿಬಂತು.

ಇನ್ನೊಂದು ನಿದರ್ಶನ. ಅಮೆರಿಕದ ರಾಜಕಾರಣಿ ರೂಡಿ ಜೂಲಿಯಾನಿ 2007ರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಬದುಕುಳಿಯುವ ಸಾಧ್ಯತೆ ತಮ್ಮ ದೇಶದಲ್ಲಿ ಶೇ 82, ಇಂಗ್ಲೆಂಡಿನಲ್ಲಿ ಕೇವಲ ಶೇ 44 ಎಂದರು. ಜನಸಂಖ್ಯೆಗೆ ಅನುಗುಣವಾಗಿ ನೋಡಿದರೆ ಆ ಕಾಯಿಲೆಯಿಂದ ಸಾಯುವವರ ಪ್ರಮಾಣ ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೀಗೇಕೆ? ರೋಗಿಯೊಬ್ಬ 70ನೇ ವಯಸ್ಸಿನಲ್ಲಿ ಸಾಯುತ್ತಾನೆಂದು ಭಾವಿಸೋಣ. ರೋಗ 67ರಲ್ಲಿ ಪತ್ತೆಯಾದರೆ ಅವನು ಐದು ವರ್ಷ ಬದುಕಲಿಲ್ಲ. ತಪಾಸಣೆಯಿಂದ 60ಕ್ಕೇ ಪತ್ತೆಯಾದರೆ ‘ಬದುಕುಳಿದವರ’ ಲೆಕ್ಕಕ್ಕೆ ಸೇರುತ್ತಾನೆ. ಆಯುಸ್ಸು ಒಂದು ದಿನವೂ ಹೆಚ್ಚಿಲ್ಲ, ಗಡಿಯಾರವನ್ನು ಮುಂಚೆ ಚಾಲೂ ಮಾಡಲಾಗಿದೆ, ಅಷ್ಟೇ. ಜೊತೆಗೆ, ಎಂದೂ ತೊಂದರೆ ಕೊಡದಿರಬಹುದಾದ ಗಡ್ಡೆಗಳೂ ವ್ಯಾಪಕ ತಪಾಸಣೆಯಲ್ಲಿ ಲೆಕ್ಕಕ್ಕೆ ಬರುತ್ತವೆ.

ಸರಾಸರಿ ಆಯುಸ್ಸಿನ ಹೋಲಿಕೆಯೂ ಸರಳವಲ್ಲ. ಅಮೆರಿಕ ತನ್ನ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ 17ರಷ್ಟನ್ನು ಆರೋಗ್ಯಕ್ಕೆ ವ್ಯಯಿಸುತ್ತದೆ; ಜಪಾನ್ ಅದಕ್ಕಿಂತ ಬಹಳ ಕಡಿಮೆ. ಆದರೂ 2023ರಲ್ಲಿ ಜಪಾನೀಯರ ಸರಾಸರಿ ಆಯುಸ್ಸು ಸುಮಾರು 84 ವರ್ಷ, ಅಮೆರಿಕನ್ನರದು 78ರ ಆಸುಪಾಸು. ಈ ಅಂತರಕ್ಕೆ ಆಸ್ಪತ್ರೆಗಳಷ್ಟೇ ಹೊಣೆಯಲ್ಲ. ಬಂದೂಕು, ಮಾದಕ ವಸ್ತು, ರಸ್ತೆ ಅಪಘಾತ, ಬೊಜ್ಜು ಎಲ್ಲವೂ ಅದರಲ್ಲಿ ಪಾಲುದಾರರು.

ಇನ್ನು ನಮ್ಮ ದೇಶ. 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಶಿಶು ಮರಣ ಪ್ರಮಾಣ ಸಾವಿರ ಸಜೀವ ಜನನಗಳಿಗೆ 28. ಆದರೆ ಅದೇ ವರ್ಷ ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43. ‘ಭಾರತ’ವನ್ನು ಇನ್ನೊಂದು ದೇಶದೊಡನೆ ಹೋಲಿಸುವಾಗ ಇವುಗಳಲ್ಲಿ ಯಾವ ಭಾರತವನ್ನು ಹೋಲಿಸುತ್ತಿದ್ದೇವೆ? ಅಲ್ಲದೆ, 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಸುಮಾರು ಶೇ 22ರಷ್ಟಕ್ಕೆ ಮಾತ್ರ. ಉಳಿದವರು ಯಾವ ಕಾಯಿಲೆಯಿಂದ ತೀರಿಕೊಂಡರೆಂದು ದಾಖಲೆಯೇ ಹೇಳದು.

ಆಡಳಿತದಲ್ಲಿದ್ದ ವರ್ಷಗಳಲ್ಲಿ ನಾನು ಪದೇ ಪದೇ ಕಂಡ ಸಂಗತಿಯೊಂದಿದೆ. ಜನನ-ಮರಣ ನೋಂದಣಿ ಚುರುಕಾದ ತಾಲ್ಲೂಕಿನಲ್ಲಿ ಕಾಗದದ ಮೇಲೆ ಸಾವುಗಳು ಹೆಚ್ಚುತ್ತವೆ; ದಾಖಲೆ ಇಡದ ತಾಲ್ಲೂಕು ಆರೋಗ್ಯವಂತವಾಗಿ ಕಾಣುತ್ತದೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಬೈಸಿಕೊಳ್ಳುವವನು ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟ ಅಧಿಕಾರಿಯೇ. ದೇಶಗಳ ನಡುವಿನ ಹೋಲಿಕೆಯಲ್ಲೂ ಇದೇ ಅಪಾಯವಿದೆ.

ಹಾಗೆಂದ ಮಾತ್ರಕ್ಕೆ ಹೋಲಿಕೆಯೇ ಬೇಡವೆಂದು ನನ್ನ ವಾದವಲ್ಲ. ಸ್ಥಾನವನ್ನಲ್ಲ, ನಡೆದುಬಂದ ದಾರಿಯನ್ನು ಹೋಲಿಸಬೇಕು. ಥಾಯ್ಲೆಂಡ್ 2002ರಲ್ಲಿ ಎಲ್ಲ ಪ್ರಜೆಗಳಿಗೂ ಆರೋಗ್ಯ ರಕ್ಷಣೆ ಒದಗಿಸಿತೆಂಬುದು ಸರ್ವವಿದಿತ. ಅದಕ್ಕೂ ಮುನ್ನ ಎರಡು-ಮೂರು ದಶಕಗಳ ಕಾಲ ಗ್ರಾಮಾಂತರ ಪ್ರದೇಶಗಳಲ್ಲಿ ಆಸ್ಪತ್ರೆಗಳನ್ನು ಕಟ್ಟಿ, ಹೊಸ ವೈದ್ಯರಿಗೆ ಹಳ್ಳಿಗಾಡಿನ ಸೇವೆಯನ್ನು ಕಡ್ಡಾಯಗೊಳಿಸಿತ್ತೆಂಬುದನ್ನು ನಾವು ನೆನೆಯುವುದಿಲ್ಲ. ಅಲ್ಲಿನ ಯೋಜನೆ ಹೊರರೋಗಿ ಚಿಕಿತ್ಸೆಯನ್ನೂ ಒಳಗೊಂಡಿದೆ. 2018ರಲ್ಲಿ ಆರಂಭವಾದ ನಮ್ಮ ಆಯುಷ್ಮಾನ್ ಭಾರತ್ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ. ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಮಾತ್ರೆ ಕೊಳ್ಳುವ ಕೂಲಿಕಾರನಿಗೆ ಆ ಕಾರ್ಡಿನಿಂದ ಪ್ರಯೋಜನವಿಲ್ಲ. ಎರಡನ್ನೂ ‘ಸಾರ್ವತ್ರಿಕ ರಕ್ಷಣೆ’ ಎಂಬ ಒಂದೇ ಹೆಸರಿನಡಿ ತಂದು ಹೋಲಿಸಿದರೆ, ನಷ್ಟವಾಗುವುದು ಅವನಿಗೆ.

ಆದ್ದರಿಂದ ಪರದೇಶದ ಮಾದರಿಯನ್ನು ಮುಂದಿಟ್ಟವರನ್ನು ಮೂರು ಪ್ರಶ್ನೆ ಕೇಳೋಣ: ಈ ಸಂಖ್ಯೆಯನ್ನು ಎಣಿಸಿದವರು ಯಾರು? ಯಾರನ್ನು ಎಣಿಸದೆ ಬಿಟ್ಟರು? ಅಲ್ಲಿಗೆ ತಲುಪುವ ಮೊದಲು ಆ ದೇಶ ಏನೇನು ಕಟ್ಟಿತ್ತು? ಸರ್ಕಾರವಂತೂ ಪ್ರತಿ ಸಾವಿನ ಕಾರಣವನ್ನೂ ದಾಖಲಿಸುವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಲಿ.