ಅರ್ಜೆಂಟ್ ಏನಿಲ್ಲ ಎಂಬ ಸ್ಲೋ ಬಾಲ್

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಅಮೆರಿಕದವರು. ಎಲ್ಲವೂ ಮಾಮೂಲಾಗಿ ನಡೆಯುತ್ತಿರುವಾಗ ದಿಢೀರನೆ ಏನಾದರೂ ಬದಲಾದರೆ ‘ಇದೊಂದು ಚೇಂಜಪ್’ ಎಂದು ನಗುತ್ತಾರೆ. ಬೇಸ್‌ಬಾಲ್‌ನಿಂದ ಬಂದ ಮಾತದು. ಪಿಚರ್ ವೇಗದ ಎಸೆತಕ್ಕೆ ಬೀಸುವಷ್ಟೇ ಜೋರಾಗಿ ಕೈ ಬೀಸುತ್ತಾನೆ. ಆದರೆ ಚೆಂಡನ್ನು ಬೆರಳ ತುದಿಯಲ್ಲಲ್ಲ, ಅಂಗೈಯೊಳಗೆ ಹಿಡಿದಿರುತ್ತಾನೆ. ಚೆಂಡು ಗಂಟೆಗೆ ಸುಮಾರು 15 ಕಿ.ಮೀ. ನಿಧಾನವಾಗಿ ಬರುತ್ತದೆ. ಅಷ್ಟರಲ್ಲಿ ಬ್ಯಾಟರ್ ಬೀಸಿ ಮುಗಿಸಿರುತ್ತಾನೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಹೊಸತಲ್ಲ. ನಮ್ಮ ವೆಂಕಟೇಶ್ ಪ್ರಸಾದ್ ಅವರ ಸ್ಲೋ ಬಾಲ್ ಯಾರಿಗೆ ನೆನಪಿಲ್ಲ? 2018ರ ಡಿಸೆಂಬರ್ 28ರಂದು ಮೆಲ್ಬರ್ನ್‌ನಲ್ಲಿ ಊಟದ ವಿರಾಮಕ್ಕೆ ಮುಂಚಿನ ಕೊನೆಯ ಎಸೆತ. ನಿಧಾನದ ಚೆಂಡು ಹಾಕು ಎಂದು ಬುಮ್ರಾಗೆ ಸೂಚಿಸಿದವರು ನಮ್ಮ ಬೊರಿವಲಿಯಲ್ಲಿ ಬೆಳೆದ ರೋಹಿತ್ ಶರ್ಮಾ. ಶಾನ್ ಮಾರ್ಷ್ ಎಲ್‌ಬಿಡಬ್ಲ್ಯು!

ಕನ್ನಡದಲ್ಲಿ ಇಂಥದ್ದಕ್ಕೆಲ್ಲ ‘ಗೂಗ್ಲಿ ಹಾಕಿದ’ ಅಂತೀವಿ. 2013ರಲ್ಲಿ ಯಶ್ ಸಿನಿಮಾಕ್ಕೂ ಅದೇ ಹೆಸರು. ಆದರೆ ಗೂಗ್ಲಿಯಲ್ಲಿ ಮೋಸ ಇರುವುದು ದಿಕ್ಕಿನಲ್ಲಿ, ಚೇಂಜಪ್‌ನಲ್ಲಿ ವೇಗದಲ್ಲಿ. ಅವಸರದವನೇ ಅದಕ್ಕೆ ಬಲಿ. ಮುಂಬೈಯಲ್ಲಿ ನಾವೆಲ್ಲ ಅವಸರದವರೇ ತಾನೆ?

ಕಳೆದ ವರ್ಷ ಒಂದು ರಾತ್ರಿ ಅಂಧೇರಿಯಲ್ಲಿ ಫಾಸ್ಟ್ ಲೋಕಲ್‌ಗೆ ಕಾಯುತ್ತಿದ್ದಾಗ ಊರಿಂದ ಅಪ್ಪನ ಫೋನ್ ಬಂತು. ಮಳೆ, ಅಡಿಕೆ ರೇಟು ಅಂತೆಲ್ಲ ಎಂದಿನಂತೆ ಮಾತಾಡಿ, ಅದೇ ದನಿಯಲ್ಲಿ, ‘ಆದ್ರೆ ಒಂದ್ಸಲ ಬಂದು ಹೋಗು, ಅರ್ಜೆಂಟ್ ಏನಿಲ್ಲ’ ಎಂದರು. ‘ರಿಲೀಸ್ ಇದೆಯಪ್ಪಾ, ಮುಂದಿನ ತಿಂಗಳು ನೋಡ್ತೀನಿ’ ಎಂದು ಥಟ್ಟನೆ ಹೇಳಿ ಟ್ರೇನ್ ಹತ್ತಿದೆ.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಬೇಕಿತ್ತು, ದಿನವೂ ಗೊತ್ತಾಗಿತ್ತು. ನನಗೆ ಹೇಳಬೇಡ ಅಂದಿದ್ದರಂತೆ. ಅಂದೇ ರಾತ್ರಿ ಬಸ್ ಹಿಡಿದೆ. ಸೀಟಿನಲ್ಲಿ ಕೂತವನಿಗೆ ನಿದ್ದೆ ಬರಲಿಲ್ಲ. ಅಪ್ಪನ ಚೆಂಡು ನನ್ನನ್ನು ತಲುಪುವ ಮೊದಲೇ ನಾನು ಬ್ಯಾಟ್ ಬೀಸಿಬಿಟ್ಟಿದ್ದೆ.

ಅಪ್ಪ ಈಗ ಆರಾಮಾಗಿದ್ದಾರೆ. ಬೌಲರ್‌ನ ಕೈ ನೋಡಿ ಆಡಬಾರದು, ಚೆಂಡು ಬರುವವರೆಗೆ ಕಾಯಬೇಕು ಎಂಬುದನ್ನು ನಾನು ಕಲಿತಿದ್ದೇನೆ. ಕಳೆದ ವಾರ ಮತ್ತೆ ‘ಅರ್ಜೆಂಟ್ ಏನಿಲ್ಲ’ ಎಂದರು. ‘ಏನು ವಿಷಯ, ಪೂರ್ತಿ ಹೇಳಪ್ಪಾ’ ಎಂದು ಸುಮ್ಮನೆ ಕಾದೆ. ಒಂದು ಲೋಕಲ್ ಬಂತು, ಹೋಯಿತು.

‘ಏನಿಲ್ಲ ಮಾರಾಯ, ನಿನ್ನಮ್ಮ ಹಲಸಿನ ಹಪ್ಪಳ ಮಾಡಿದ್ದಾಳೆ’ ಎಂದರು.

ಆದರೂ ಟಿಕೆಟ್ ಬುಕ್ ಮಾಡಿದೆ.