ಉಸಿರಿಗೆ ಹೆದರಿದ ಗುಹೆ

ಮಕ್ಕಳೇ, ಫ್ರಾನ್ಸಿನ ಮೊಂತಿನ್ಯಾಕ್ ಒಂದು ಪುಟ್ಟ ಊರು. ಅಲ್ಲಿನ ವೆಜೇರ್ ನದಿಯಲ್ಲಿ ದೋಣಿ ನಡೆಸಬಹುದು, ಕಾಡುದಾರಿಯಲ್ಲಿ ಸುತ್ತಾಡಬಹುದು. ಪಕ್ಕದ ಗುಡ್ಡದಲ್ಲಿ ಲಾಸ್ಕೋ ಗುಹೆಯಿದೆ. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರು ಅದರೊಳಗೆ ಇಳಿದು ನೋಡಿದರೆ, ಗೋಡೆ ತುಂಬ ಗೂಳಿ, ಕುದುರೆ, ಜಿಂಕೆಗಳ ಚಿತ್ರ! ಆದಿಮಾನವರು ಸುಮಾರು 17,000 ವರ್ಷಗಳ ಹಿಂದೆ ಬರೆದದ್ದು.

1948ರಲ್ಲಿ ಗುಹೆ ತೆರೆದದ್ದೇ ತಡ, ಜನ ಮುಗಿಬಿದ್ದರು. ಅವರ ಉಸಿರು, ಮೈಶಾಖ, ದೀಪದ ಬೆಳಕು ಸೇರಿ ಗೋಡೆಗೆ ಪಾಚಿ ಹಿಡಿಯಿತು. 1963ರಲ್ಲಿ ಬೀಗ ಬಿತ್ತು. ಈಗ ಪ್ರವಾಸಿಗರು ನೋಡುವುದು ತದ್ರೂಪು ಗುಹೆಯನ್ನು. ಹೊಸದು 2016ರಲ್ಲಿ ಗುಡ್ಡದ ಬುಡದಲ್ಲಿ ತೆರೆಯಿತು.

ಬ್ಯಾಂಕಿನಲ್ಲಿ ನಾವೂ ಮೂಲಪತ್ರವನ್ನು ತಿಜೋರಿಯಲ್ಲಿಟ್ಟು, ನಕಲನ್ನು ಕೈಗೆ ಕೊಡುತ್ತಿದ್ದೆವು. ನಿಮ್ಮ ಮೊಮ್ಮಕ್ಕಳಿಗೂ ಆ ಗೂಳಿಗಳು ಉಳಿಯಬೇಕಲ್ಲವೇ?