ಠಾಣೆಗೆ ಕಳಿಸುವ ತಮಾಷೆ

ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಸಾಕು, "ಇವನನ್ನ ಠಾಣೆಗೆ ಸೇರಿಸ್ಬೇಕು" ಅನ್ನುವುದು ನಮ್ಮ ಡೊಂಬಿವಲಿ, ಕಲ್ಯಾಣದ ಕಡೆಯ ಹಳೆಯ ತಮಾಷೆ. ಠಾಣೆಯಲ್ಲಿ 1901ರಿಂದ ಮಾನಸಿಕ ಆಸ್ಪತ್ರೆ ಇದೆಯಲ್ಲ, ಅದಕ್ಕೆ. ಆದರೆ ಸ್ನೇಹಿತರೇ, ನಮ್ಮ ಬೆಂಚಿನಲ್ಲೇ ಕೂತ ಒಬ್ಬ ಗೆಳೆಯ ಒಳಗೊಳಗೇ ಕುಸಿಯುತ್ತಿದ್ದರೆ, ಈ ನಗು ಕೇಳಿದ ಮೇಲೆ ಅವನು ಬಾಯಿ ಬಿಡುತ್ತಾನೆಯೇ?

ಎ.ಟಿ.ಕೆ.ಟಿ. ಬಂದವರೆಲ್ಲ ಕುಸಿಯುವುದಿಲ್ಲ. ಎರಡು ದಿನದ ಬೇಜಾರು ಎಲ್ಲರಿಗೂ ಇದ್ದದ್ದೇ. ಆದರೆ ವಾರಗಟ್ಟಲೆ ನಿದ್ದೆ ಊಟ ಬಿಟ್ಟವನು, ತನ್ನ ಇಷ್ಟದ ವಸ್ತುಗಳನ್ನು ಹಂಚುವವನು, "ನಾನಿಲ್ದಿದ್ರೆ ಮನೆಯವ್ರಿಗೆ ಹಗುರ" ಅನ್ನುವವನು ನಾಟಕ ಆಡುತ್ತಿದ್ದಾನೆ ಎಂದುಕೊಳ್ಳಬಾರದು. ಒಂದು ಕಡೆ ಕೂರಿಸಿ ನೇರವಾಗಿ ಕೇಳಬೇಕು: "ಸಾಯ್ಬೇಕು ಅಂತ ಅನ್ನಿಸ್ತಿದೆಯೇನೋ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ನಾವು ಹೆದರುತ್ತೇವೆ. ಹಾಗೇನೂ ಆಗುವುದಿಲ್ಲ, ಕೇಳಿದ್ದರಿಂದ ಎಷ್ಟೋ ಜನಕ್ಕೆ ಹಗುರವಾಗುತ್ತದೆ ಎನ್ನುತ್ತಾರೆ ಮನೋವೈದ್ಯರು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳುವುದು. "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದಾರೆ" ಎಂಬ ಉಪದೇಶ ಮಾತ್ರ ಬೇಡ.

"ಹೌದು" ಎಂದರೆ ಅವನನ್ನು ಒಬ್ಬನೇ ಲೋಕಲ್ ಹತ್ತಿಸಿ ಕಳಿಸಬಾರದು, ಮನೆತನಕ ಜೊತೆಗೆ ಹೋಗಬೇಕು. "ಯಾರಿಗೂ ಹೇಳ್ಬೇಡ" ಎಂದರೆ ಆ ಮಾತು ಕೊಡಬಾರದು. ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಲೇಬೇಕು. ಏನಾದರೂ ಮಾಡಿಕೊಂಡಿದ್ದರಂತೂ ತಡಮಾಡದೆ 108ಕ್ಕೆ ಫೋನು. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮು, ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಹಿಡಿದು, ಶಿಕ್ಷೆ ಬೇಡ, ಶುಶ್ರೂಷೆ ಕೊಡಿ ಎನ್ನುತ್ತದೆ.

2022ರ ಅಕ್ಟೋಬರ್ 10ರಂದು ಶುರುವಾದ ಸರಕಾರದ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ, ಪುಕ್ಕಟೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು. ಇದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ. ಕಾಲೇಜಿನಲ್ಲಿ, ಗಾಡಿಯಲ್ಲಿ ದಿನವಿಡೀ ಮರಾಠಿ ಹಿಂದಿ ಆಡುವ ನಮಗೆ, ಗಂಟಲು ಕಟ್ಟಿದಾಗ ಆ ಭಾಷೆಗಳು ಒದಗುವುದು ಕಷ್ಟ. ಗೆಳೆಯನಿಗೆ ನಂಬರು ಕೊಟ್ಟು ಎದ್ದು ಹೋಗದೆ, ಪಕ್ಕದಲ್ಲಿ ಕೂತೇ ಹಚ್ಚಿಕೊಡುವುದು ಒಳ್ಳೆಯದು.

ಠಾಣೆಯ ಆಸ್ಪತ್ರೆಗೆ ಹೋದವರನ್ನೆಲ್ಲ ಒಳಗೆ ಕೂಡಿಹಾಕುತ್ತಾರೆ ಎನ್ನುವುದೂ ತಪ್ಪು. ಅಲ್ಲಿ ಹೊರರೋಗಿಗಳ ವಿಭಾಗವಿದೆ, ತೋರಿಸಿಕೊಂಡು ಅಂದೇ ಮನೆಗೆ ಬರಬಹುದು. ನೂರಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಸಲಹೆಗಾರರಾದರೂ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಹೇಳಿದೆ. ನಮ್ಮಲ್ಲಿ ಅವರು ಯಾರು, ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ಈ ವಾರವೇ ಆಫೀಸಿನಲ್ಲಿ ವಿಚಾರಿಸೋಣ.